ದನಿ ಯಾರ ಸೊತ್ತು?

ಕೇಳುಗ ಮಿತ್ರರೇ, ನೀವು ನಮ್ಮನ್ನು ಗುರುತಿಸುವುದೇ ದನಿಯಿಂದ. ಕೃತಕ ಬುದ್ಧಿಮತ್ತೆ ಈಗ ಆ ದನಿಯನ್ನೂ ಕಲಿತು, ನಾವು ಆಡದ ಮಾತನ್ನು ಆಡಬಲ್ಲದು. ತಡೆಯಲು ಕಾನೂನಿದೆಯೇ? 1957ರ ಕೃತಿಸ್ವಾಮ್ಯ ಕಾಯ್ದೆ ಹಾಡನ್ನು, ಧ್ವನಿಮುದ್ರಣವನ್ನು ಕಾಯುತ್ತದೆ. ಬರೀ ಕಂಠಕ್ಕೆ ಅಲ್ಲಿ ಜಾಗವಿಲ್ಲ. ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯ ನಕಲು ಮಾಡಿಕೊಡುವವರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದರು. ಒಪ್ಪಿಗೆಯಿಲ್ಲದೆ ಅಂಥ ಸಾಧನ ಒದಗಿಸುವುದೂ ಅವರ ವ್ಯಕ್ತಿತ್ವದ ಹಕ್ಕಿಗೆ ಧಕ್ಕೆ ಎಂದಿತು, 2024ರ ಜುಲೈನ ಮಧ್ಯಂತರ ಆದೇಶ. ಸಂತೋಷವೇ. ಆದರೆ ಆ ಹಕ್ಕಿಗೆ ಬಲ ಬಂದದ್ದು ಅವರ ಖ್ಯಾತಿಯಿಂದ. ಮುಂಬಯಿಯ ಸ್ಟುಡಿಯೋಗಳಲ್ಲಿ ಕನ್ನಡ ಜಾಹೀರಾತಿಗೆ ದನಿ ಕೊಡುವ ನಮ್ಮವರಿಗೆ ಖ್ಯಾತಿ ಎಲ್ಲಿಂದ ಬರಬೇಕು? ಅವರ ಕೈಲಿರುವುದು ಕರಾರುಪತ್ರವೊಂದೇ. ನೀವೂ ಅಂಥವರಾದರೆ ಸಹಿಗೆ ಮೊದಲು ನೋಡಿ: ಮುದ್ರಿಸಿಕೊಂಡ ದನಿಯನ್ನು ಯಂತ್ರಕ್ಕೆ ಕಲಿಸುವಂತಿಲ್ಲ ಎಂಬ ಸಾಲು ಇದೆಯೇ? ಇಲ್ಲದಿದ್ದರೆ ಬರೆಸಿಕೊಳ್ಳಿ.