ಏಳು ಮನಿ ತಿರುಗುವ ಬಾಣಂತಿ

ಸೊಲ್ಲಾಪುರ: ಕೌದಿ ತುಂಬಿಟ್ಟ ಹಳೇ ಟ್ರಂಕಿನ ಹಿಂದೆ ಬೆಕ್ಕು ಮರಿ ಹಾಕಿರುತ್ತದೆ. ಎರಡು ದಿನ ಮನೆಯ ಮಕ್ಕಳಿಗೆ ಅದೇ ಹಬ್ಬ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕಿನ ಹಿಂದೆ ಮರಿಗಳೂ ಇಲ್ಲ, ತಾಯಿಯೂ ಇಲ್ಲ. 'ಯವ್ವಾ, ಮರಿ ಎಲ್ಲಿ ಹ್ವಾದ್ವು?' ಎಂದು ಮಕ್ಕಳು ರಾಗ ತೆಗೆದರೆ ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: 'ಬೆಕ್ಕ ಏಳ ಮನಿ ತಿರಗಸ್ತದ, ಸುಮ್ಮ ಕೂಡ್ರಿ.'

ಸೊಲ್ಲಾಪುರದಲ್ಲಿ ಈ ಪ್ರಾಣಿಗೆ ಹೆಸರು ಮೂರು. ಕನ್ನಡದವರ ಮನೆಯ ಬೆಕ್ಕು ಮರಾಠಿಯವರ ಮನೆ ಹೊಕ್ಕರೆ ಮಾಂಜರ, ನೇಕಾರರ ಓಣಿಗೆ ಹೋದರೆ ತೆಲುಗಿನ ಪಿಲ್ಲಿ. ಏಳು ಮನೆಯ ಮಾತು ಮರಾಠಿ ಮನೆಗಳಲ್ಲೂ ಉಂಟು. ಏಳು ಎಂಬ ಲೆಕ್ಕ ಖರೇ ಅಲ್ಲ, ಬೆಕ್ಕು ಎಣಿಸಿಕೊಂಡು ತಿರುಗುವುದಿಲ್ಲ. ಆದರೆ ಮಾತಿನ ತಿರುಳು ಮಾತ್ರ ಖರೇ. ಹಡೆದ ಬೆಕ್ಕು ಒಂದು ಕಡೆ ನಿಲ್ಲುವುದಿಲ್ಲ.

ಈ ಮಾತು ಮರೆತವರಿಂದಲೇ ತೊಂದರೆ. ತಾಯಿ ಅರ್ಧ ತಾಸು ಕಾಣದಿದ್ದರೆ 'ಬಿಟ್ಟು ಹೋಗೇದ' ಎಂದು ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತರುತ್ತಾರೆ, ಆಕಳ ಹಾಲು ಕುಡಿಸುತ್ತಾರೆ. ಕರುಣೆಯಿಂದಲೇ ಮಾಡಿದ ಈ ಕೆಲಸದಲ್ಲಿ ಎಷ್ಟೋ ಮರಿಗಳು ನಾಲ್ಕು ದಿನ ಬಾಳುವುದಿಲ್ಲ.

ಮೂಲೆ ಹುಡುಕುವ ಗರ್ಭಿಣಿ

ಬೆಕ್ಕಿನ ಗರ್ಭದ ಕಾಲ ಸುಮಾರು 63ರಿಂದ 65 ದಿನ. ದಿನ ತುಂಬುತ್ತ ಬಂದಂತೆ ಅದು ಕತ್ತಲೆ, ಬೆಚ್ಚಗಿನ, ಯಾರೂ ಕೈ ಹಾಕದ ಜಾಗ ಹುಡುಕತೊಡಗುತ್ತದೆ. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಲ್ಲಾದರೆ ಕಣಿಕಿಯ ಬಣವಿ, ದನದ ಮನೆಯ ಅಟ್ಟ, ಜೋಳದ ಚೀಲಗಳ ಸಂದಿ. ಸೊಲ್ಲಾಪುರದಲ್ಲಾದರೆ ಮಗ್ಗದ ಕಾರಖಾನೆಯ ಮೂಲೆ, ಚಾದರದ ಗಂಟುಗಳ ನಡುವಿನ ಸಂದಿ, ವೇಸ್ಟ್ ನೂಲಿನ ರಾಶಿ.

ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಒಂದೊಂದರ ತೂಕ ಸುಮಾರು 100 ಗ್ರಾಂ. ಸೂಲಗಿತ್ತಿಯೂ ತಾನೇ, ಬಾಣಂತಿಯೂ ತಾನೇ. ಮರಿ ಹೊರಬಂದ ಕೂಡಲೇ ಅದರ ಮೇಲಿನ ಪೊರೆಯನ್ನು ಹರಿದು, ಮೂಗು ಬಾಯಿ ನೆಕ್ಕಿ ಉಸಿರಾಟ ಶುರು ಮಾಡಿಸುತ್ತದೆ. ಹೊಕ್ಕುಳ ಬಳ್ಳಿಯನ್ನು ಹಲ್ಲಿನಿಂದ ಕಡಿಯುತ್ತದೆ. ಮಾಸನ್ನು ತಾನೇ ತಿಂದು ಜಾಗ ಸ್ವಚ್ಛ ಮಾಡುತ್ತದೆ. ರಕ್ತದ ವಾಸನೆ ಉಳಿದರೆ ನಾಯಿ, ಗಂಡುಬೆಕ್ಕು ಹುಡುಕಿಕೊಂಡು ಬರುತ್ತವೆ.

ಮೊದಲ ಒಂದೆರಡು ದಿನ ತಾಯಿ ಗೂಡು ಬಿಟ್ಟು ಕದಲುವುದೇ ಅಪರೂಪ. ಆಗಿನ ಗಿಣ್ಣದ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇರುತ್ತದೆ. ಅದು ಹೊಟ್ಟೆಗೆ ಬೀಳದ ಮರಿ ಬದುಕುವುದು ಕಷ್ಟ.

ನಾಲಿಗೆಯೇ ಎಲ್ಲ

ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಕಣ್ಣು ಬಿಡಲು ವಾರ, ಹತ್ತು ದಿನ, ಕೆಲವಕ್ಕೆ ಎರಡು ವಾರವೂ ಬೇಕು. ಮೈ ಬೆಚ್ಚಗಿಟ್ಟುಕೊಳ್ಳುವ ತಾಕತ್ತೂ ಮೊದಲ ವಾರಗಳಲ್ಲಿ ಇರುವುದಿಲ್ಲ. ಮೂಗಿನ ವಾಸನೆ ಮತ್ತು ತಾಯಿಯ ಮೈಯ ಕಾವು, ಇವೆರಡೇ ಅದಕ್ಕೆ ದಾರಿ. ತಾಯಿ ಗುರುಗುಡುವಾಗ ಮೈಯೆಲ್ಲ ನಡುಗುತ್ತದಲ್ಲ, ಆ ಕಂಪನ ಕಿವಿ ಕೇಳದ ಮರಿಗೂ ತಿಳಿಯುತ್ತದೆ.

ಎರಡು ಮೂರು ದಿನದೊಳಗೆ ಮರಿಗಳು ತಮ್ಮ ತಮ್ಮ ಮೊಲೆ ಗೊತ್ತು ಮಾಡಿಕೊಳ್ಳುತ್ತವೆ. ಬಹುಮಟ್ಟಿಗೆ ಒಬ್ಬರದಕ್ಕೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಅಮೆರಿಕದ ವಿಜ್ಞಾನಿ ಜೇ ರೋಸೆನ್‌ಬ್ಲಾಟ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ನೋಡಿ ದಾಖಲಿಸಿದರು. ಕಣ್ಣು ಬಿಡುವ ಮೊದಲೇ ಮರಿ ವಾಸನೆ ಹಿಡಿದು ತನ್ನ ಗೂಡಿನ ಮೂಲೆಗೆ ತೆವಳಿ ಸೇರುತ್ತದೆ ಎಂಬುದನ್ನೂ ಅವರು ತೋರಿಸಿದರು.

ಬಹಳ ಮಂದಿಗೆ ಗೊತ್ತಿಲ್ಲದ ಮಾತು ಇನ್ನೊಂದಿದೆ. ಎಳೆಯ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು, ಹೇಲಲಾರದು. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿದಾಗಲೇ ಅದು ಸಾಧ್ಯ. ಹೊರಬಂದದ್ದನ್ನೂ ತಾಯಿಯೇ ನೆಕ್ಕಿ ಬಿಡುತ್ತದೆ, ಗೂಡು ನಾರಬಾರದೆಂದು. ಮನೆಗೆ ತಂದ ಮರಿಗೆ ಹಾಲು ಕುಡಿಸಿದವರು ಈ ಕೆಲಸ ಮಾಡುವುದಿಲ್ಲ. ಹೊಟ್ಟೆ ಉಬ್ಬಿ ಮರಿ ಸಾಯುತ್ತದೆ.

ಏಳು ಮನಿ ಯಾತಕ್ಕ?

ಗೂಡಿನ ಹತ್ತಿರ ಮಂದಿ ಇಣುಕಿದರೆ, ಬೆಳಕು ಬಿದ್ದರೆ, ಗಂಡುಬೆಕ್ಕು ಸುಳಿದರೆ, ವಾಸನೆ ಹತ್ತಿದರೆ ತಾಯಿಗೆ ಅನುಮಾನ ಬರುತ್ತದೆ. ಸೊಲ್ಲಾಪುರದ ಬಿಸಿಲಿಗೆ ತಗಡಿನ ಮಾಳಿಗೆ ಕಾದರೂ ಜಾಗ ಬದಲು. ಹಿಂಗತ್ತಿನ ಸಡಿಲ ಚರ್ಮವನ್ನು ಹಲ್ಲು ಊರದಂತೆ ಹಿಡಿದು ಒಂದೊಂದೇ ಮರಿಯನ್ನು ಒಯ್ಯುತ್ತದೆ. ಹಾಗೆ ಹಿಡಿದಾಗ ಮರಿ ಕಾಲು ಮಡಚಿ ಮಿಸುಕದೆ ಜೋತು ಬೀಳುತ್ತದೆ.

ನಾಲ್ಕು ಮರಿ ಇದ್ದರೆ ನಾಲ್ಕು ಸುತ್ತು. ನಡುವೆ ನೋಡಿದವರಿಗೆ ಎರಡು ಮರಿ ಮಾತ್ರ ಕಾಣುತ್ತವೆ, ತಾಯಿ ಇರುವುದಿಲ್ಲ. 'ಅನಾಥ' ಎಂದು ಎತ್ತಿಕೊಂಡು ಹೋಗುವುದು ಇದೇ ಗಳಿಗೆಯಲ್ಲಿ.

1996ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹಳೇ ಗ್ಯಾರೇಜೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಬೀದಿ ಬೆಕ್ಕೊಂದು ಐದು ಸಲ ಬೆಂಕಿಯೊಳಗೆ ಹೋಗಿ ಐದು ಮರಿಗಳನ್ನು ಹೊರಗೆ ತಂದಿತು. ಕಣ್ಣಿನ ಸುತ್ತ ಸುಟ್ಟು ಬೊಬ್ಬೆ ಎದ್ದು ಕಣ್ಣು ಮುಚ್ಚಿಹೋಗಿದ್ದವು. ಆದರೂ ಮೂಗಿನಿಂದ ಒಂದೊಂದೇ ಮರಿಯನ್ನು ಮುಟ್ಟಿ ನೋಡಿ, ಆಮೇಲೆ ನೆಲಕ್ಕೆ ಬಿತ್ತು. ಸ್ಕಾರ್ಲೆಟ್ ಎಂದು ಹೆಸರಾದ ಆ ಬೆಕ್ಕು 2008ರವರೆಗೆ ಬದುಕಿತು. ಒಂದು ಮರಿ ಮುಂದೆ ತೀರಿಕೊಂಡರೂ ನಾಲ್ಕು ಉಳಿದವು.

ಮರಿ ತಿಂತದ ಅಂತಾರಲ್ಲ?

'ಬೆಕ್ಕ ತನ್ನ ಮರೀನ ತಿಂತದ' ಎಂಬ ಮಾತೂ ನಮ್ಮಲ್ಲಿದೆ. ಪೂರಾ ಸುಳ್ಳಲ್ಲ. ಸತ್ತು ಹುಟ್ಟಿದ ಮರಿಯನ್ನು, ಕೆಲವೊಮ್ಮೆ ಬದುಕುವ ಲಕ್ಷಣ ಇಲ್ಲದ್ದನ್ನು ತಾಯಿ ತಿನ್ನುವುದುಂಟು. ಬಹಳ ಹೆದರಿದ ಅಥವಾ ಹಸಿದು ಸೋತ ಚೊಚ್ಚಲ ಬಾಣಂತಿ ಹಾಗೆ ಮಾಡುವುದೂ ಅಪರೂಪಕ್ಕೆ ಉಂಟು. ಆದರೆ ಮರಿ ಕೊಲ್ಲುವ ಅಪವಾದ ಹೆಚ್ಚಾಗಿ ಹೊರಬೇಕಾದ್ದು ಹೊರಗಿನ ಗಂಡುಬೆಕ್ಕು. ಮರಿ ಹೋದರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ತಾಯಿ ಅಷ್ಟು ಜಾಗ ತಿರುಗುವುದು ಅದರ ಭಯಕ್ಕೂ ಹೌದು.

ಕೆಲವು ಕಡೆ ಅಕ್ಕ ತಂಗಿ ಬೆಕ್ಕುಗಳು ಒಂದೇ ಗೂಡಿನಲ್ಲಿ ಹಡೆದು, ಒಬ್ಬರ ಮರಿಗೆ ಇನ್ನೊಬ್ಬರು ಹಾಲುಣಿಸುತ್ತವೆ. ಒಂದು ಬೇಟೆಗೆ ಹೋದರೆ ಇನ್ನೊಂದು ಕಾವಲು.

ಕಬ್ಬಿನ ಹೊಲದಾಗ

ಊರ ಬೆಕ್ಕಿಗೆ ಟ್ರಂಕಿನ ಹಿಂದಿನ ಜಾಗ ಹೇಗೋ, ಕಾಡುಬೆಕ್ಕಿಗೆ ಕಬ್ಬಿನ ಹೊಲ ಹಾಗೆ. ಮರಾಠಿಯಲ್ಲಿ ಇದನ್ನು ರಾನಮಾಂಜರ ಎನ್ನುತ್ತಾರೆ. ಆಳೆತ್ತರದ ಕಬ್ಬು, ಕೆಳಗೆ ರವದಿಯ ಹಾಸಿಗೆ, ತಿನ್ನಲು ಇಲಿ ಹೆಗ್ಗಣ. ಚಳಿಗಾಲದಲ್ಲಿ ಕಬ್ಬು ಕಡಿಯುವ ಟೋಳಿ ಬಂದಾಗ ಕೊನೆಯ ಸಾಲುಗಳಲ್ಲಿ ಮರಿಗಳು ಸಿಗುವುದು ಕಬ್ಬಿನ ನಾಡಿಗೆ ಹೊಸದೇನಲ್ಲ. ಚಿರತೆ ಮರಿ ಎಂದು ಗದ್ದಲ ಏಳುವುದೂ ಉಂಟು, ಮುದ್ದಾಗಿವೆ ಎಂದು ಮನೆಗೆ ಒಯ್ಯುವುದೂ ಉಂಟು.

ಕಾಡುಬೆಕ್ಕನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ತಾಯಿ ಅಲ್ಲೇ ಪಕ್ಕದ ಹೊಲದಲ್ಲಿ ಕತ್ತಲಾಗುವುದನ್ನೇ ಕಾಯುತ್ತಿರುತ್ತದೆ. ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನೂ ಅರಣ್ಯ ಇಲಾಖೆಯವರು ಹೀಗೇ ತಾಯಿಗೆ ಸೇರಿಸುತ್ತ ಬಂದಿದ್ದಾರೆ. ಸಂಜೆ ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು ದೂರ ಸರಿದರೆ, ರಾತ್ರಿ ತಾಯಿ ಬಂದು ಒಂದೊಂದೇ ಒಯ್ಯುತ್ತದೆ. ಕಾಡುಬೆಕ್ಕಿಗೂ ಇದೇ ದಾರಿ. ಇಲಿ ತಿನ್ನುವ ಪ್ರಾಣಿಯೊಂದು ಹೊಲದಲ್ಲಿ ಉಳಿದರೆ ಲಾಭ ರೈತನಿಗೇ. ರವದಿಗೆ ಬೆಂಕಿ ಇಡುವ ಮೊದಲು ಒಮ್ಮೆ ಹೊಲ ಸುತ್ತಿ ನೋಡುವುದು ಅದಕ್ಕೇ ಬೇಕು.

ಮರಿ ಕಂಡರ ಏನ ಮಾಡಬೇಕು?

* ಮುಟ್ಟಬ್ಯಾಡ್ರಿ, ದೂರದಿಂದ ನೋಡ್ರಿ. ಹೊಟ್ಟೆ ತುಂಬಿ ಸುಮ್ಮನೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ಕೆಲವು ತಾಸು ಕಾಯುವುದೇ ಸರಿ.

* ಹಾಲುಣಿಸುವ ತಾಯಿಗೆ ಹಸಿವು ಹೆಚ್ಚು. ಅನ್ನ, ನೀರು ಗೂಡಿನಿಂದ ಸ್ವಲ್ಪ ದೂರ ಇಡಬೇಕು.

* ಮರಿ ತಣ್ಣಗಾಗಿ, ಒಂದೇ ಸಮನೆ ಒದರುತ್ತಿದ್ದು, ತಾಯಿ ಬಾರದಿದ್ದರೆ ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಮಾಡಬೇಕು. ತಣ್ಣಗಿರುವ ಮರಿಗೆ ಹಾಲು ಹಾಕಬಾರದು, ಅಂಗಾತ ಮಲಗಿಸಿ ಕುಡಿಸಲೂ ಬಾರದು.

* ಆಕಳ ಹಾಲಿನಿಂದ ಮರಿಗೆ ಭೇದಿ ಆಗುತ್ತದೆ. ಮರಿಗೆಂದೇ ಸಿಗುವ ಹಾಲಿನ ಪುಡಿ ಯಾವುದು, ಎಷ್ಟು ಎಂದು ದನದ ದವಾಖಾನೆಯಲ್ಲಿ ಕೇಳಬೇಕು. ಕುಡಿಸಿದ ಮೇಲೆ ಹಸಿ ಬಟ್ಟೆಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸಬೇಕು.

* ಬಾಣಂತಿ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನಿನಿಂದ 15 ನಿಮಿಷ ತೊಳೆದು ದವಾಖಾನೆಗೆ ಹೋಗಬೇಕು. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ.

* ಕಾಡುಬೆಕ್ಕಿನ ಮರಿಯಾದರೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನು ಮಾಡಬೇಕು.

ತಿಂಗಳು ತುಂಬುತ್ತ ಬಂದಂತೆ ಬಾಣಂತಿ ಮಾಸ್ತರಳಾಗುತ್ತದೆ. ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ್ದು, ಕೊನೆಗೆ ಜೀವಂತ ಇಲಿಯನ್ನೇ ಮರಿಗಳ ಮುಂದೆ ಬಿಡುತ್ತದೆ. ಎರಡು ತಿಂಗಳಿಗೆ ಹಾಲು ಬಿಡಿಸುತ್ತದೆ, ಮೊಲೆಗೆ ಬಂದರೆ ಗುರ್ ಎಂದು ಅಟ್ಟುತ್ತದೆ. ಅಷ್ಟರೊಳಗೆ ಮತ್ತೆ ಗರ್ಭ ಕಟ್ಟಿರಲೂಬಹುದು. ಅದಕ್ಕೇ ಮನೆಯಲ್ಲಿ ಸಾಕಿದವರು ಸಂತಾನಹರಣದ ಮಾತನ್ನು ಪಶುವೈದ್ಯರ ಹತ್ತಿರ ತೆಗೆಯುವುದು ಒಳ್ಳೆಯದು.

ಟ್ರಂಕಿನ ಹಿಂದೆ ಮರಿ ಕಾಣದೆ ಅತ್ತ ಮಕ್ಕಳಿಗೆ ಹಿರಿಯರು ಕೊಟ್ಟ ಉತ್ತರದಲ್ಲಿ ಮುಖ್ಯವಾದದ್ದು ಕೊನೆಯ ಮಾತು: ಸುಮ್ಮ ಕೂಡ್ರಿ. ಕೆಲವು ದಿನ ಬಿಟ್ಟು ಅದೇ ತಾಯಿ, ಹಿಂದೆ ಮೂರ್ನಾಲ್ಕು ಬಾಲಗಳ ಸಾಲು ಕಟ್ಟಿಕೊಂಡು, ಅಡುಗೆ ಮನೆಯ ಬಾಗಿಲಿಗೆ ತಾನಾಗಿಯೇ ಬಂದು ನಿಲ್ಲಬಹುದು.