ಒಂದು ಕಿಲೋಗ್ರಾಮಿನ ಅಂತರ

ಬೆನ್ಸನ್ ಟೌನಿನಲ್ಲಿ ಬೆಳಗಿನ ಹೊತ್ತು ತಿರುಗಾಡುವ ಅಭ್ಯಾಸವುಳ್ಳ ವಾಚಕರಿಗೆ ಈ ನೋಟವು ಹೊಸದಲ್ಲ. ದಂಡು ರೈಲುನಿಲ್ದಾಣದ ಕಡೆಗೂ ನಂದಿದುರ್ಗ ರಸ್ತೆಯ ಕಡೆಗೂ ಹೋಗುವ ಬೀದಿಗಳಲ್ಲಿ, ವ್ಯಾಯಾಮಶಾಲೆಗಳ ಗಾಜಿನ ಗೋಡೆಯ ಹಿಂದೆ, ನಮ್ಮ ತರುಣರು ಕನ್ನಡಿಯನ್ನು ನೋಡುತ್ತ ಕಬ್ಬಿಣವನ್ನು ಎತ್ತುತ್ತಿರುತ್ತಾರೆ. ಇದನ್ನು ಹಾಸ್ಯಮಾಡುವ ಇಚ್ಛೆ ನಮಗಿಲ್ಲ. ಅಂಗಸಾಧನೆಯ ಈ ಗೀಳು ಬೆಂಗಳೂರಿಗೆ ಹಳೆಯದು. ‘ಶಾಂತಲಾ’, ‘ರೂಪದರ್ಶಿ’ಗಳನ್ನು ಬರೆದ ಕೆ. ವಿ. ಅಯ್ಯರವರೇ ಇಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ಒಂದು ತಲೆಮಾರಿನ ಯುವಕರನ್ನು ತಿದ್ದಿದವರಲ್ಲವೆ? ಆದರೆ ಮೈಕಟ್ಟಿಗಾಗಿ ಎತ್ತುವುದು ಬೇರೆ, ಪಂದ್ಯಕ್ಕಾಗಿ ಎತ್ತುವುದು ಬೇರೆ. ಎರಡನೆಯದರಲ್ಲಿ ಕನ್ನಡಿಯಿಲ್ಲ, ಮೂವರು ತೀರ್ಪುಗಾರರಿರುತ್ತಾರೆ. ಆ ವಿದ್ಯೆಯಲ್ಲಿ ಕನ್ನಡನಾಡಿಗೆ ಎರಡು ಸಲ ಕೀರ್ತಿಯನ್ನು ತಂದ ಶ್ರೀ ಗುರುರಾಜ ಪೂಜಾರಿಯವರ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಪಂದ್ಯದ ಕ್ರಮವನ್ನು ಮೊದಲು ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವವನಿಗೆ ಎತ್ತಿದ್ದೇ ಗೆಲುವು. ಇಲ್ಲಿ ಹಾಗಲ್ಲ. ಉಕ್ಕಿನ ದಂಡಕ್ಕೆ ಎರಡು ಕಡೆಯೂ ಬಿಲ್ಲೆಗಳನ್ನು ಸಿಕ್ಕಿಸಿ, ಮೊದಲು ಒಂದೇ ಸೆಳೆತಕ್ಕೆ ನೆಲದಿಂದ ತಲೆಯ ಮೇಲಕ್ಕೆ ಎತ್ತಬೇಕು. ಇದಕ್ಕೆ ಸ್ನ್ಯಾಚ್ ಎಂದು ಹೆಸರು. ಬಳಿಕ ಭುಜದವರೆಗೆ ತಂದು, ಅಲ್ಲಿಂದ ಮೇಲಕ್ಕೆ ಚಿಮ್ಮಿಸಿ ನಿಲ್ಲಿಸುವುದು ಕ್ಲೀನ್ ಅಂಡ್ ಜರ್ಕ್. ಒಂದೊಂದಕ್ಕೂ ಮೂರೇ ಪ್ರಯತ್ನ. ಎರಡರಲ್ಲಿಯೂ ಎತ್ತಿದ ಅತ್ಯಧಿಕ ಭಾರಗಳನ್ನು ಕೂಡಿಸಿ ಸ್ಥಾನವನ್ನು ನಿರ್ಣಯಿಸುತ್ತಾರೆ. ಒಂದರಲ್ಲಿ ಮೂರು ಪ್ರಯತ್ನಗಳೂ ತಪ್ಪಿದವೋ, ಮೊತ್ತವೆಂಬುದೇ ಇಲ್ಲ. ಅಷ್ಟು ದೂರ ಬಂದವನು ಬರಿಗೈಯಲ್ಲಿ ಮನೆಗೆ ಹೋಗಬೇಕು.

ಗುರುರಾಜರು 1992ನೆಯ ಇಸವಿ ಆಗಸ್ಟ್ 15ರಂದು ಹುಟ್ಟಿದವರು. ಊರು ಉಡುಪಿ ಜಿಲ್ಲೆಯ ಕುಂದಾಪುರದ ಸೀಮೆಯಲ್ಲಿ, ವಂಡ್ಸೆಯ ಬಳಿ. ತಂದೆ ಲಾರಿ ಚಾಲಕರು. ಮನೆಯಲ್ಲಿ ಜನ ಹೆಚ್ಚು, ವರಮಾನ ಕಡಮೆ. 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರರು ಕುಸ್ತಿಯಲ್ಲಿ ಕಂಚಿನ ಪದಕವನ್ನು ಗೆದ್ದಾಗ, ತಾನೂ ಪೈಲ್ವಾನನಾಗಬೇಕೆಂಬ ಆಸೆ ಈ ಹುಡುಗನಲ್ಲಿ ಮೂಡಿತು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿಗೆ ಸೇರಿದ ಮೇಲೆ, 2010ರಲ್ಲಿ, ಅಲ್ಲಿಯ ಶಿಕ್ಷಕರಾದ ರಾಜೇಂದ್ರ ಪ್ರಸಾದರು ಇವರನ್ನು ಕುಸ್ತಿಯಿಂದ ಭಾರ ಎತ್ತುವ ಕಡೆಗೆ ತಿರುಗಿಸಿದರು. ಒಳ್ಳೆಯ ಕಣ್ಣುಳ್ಳ ಉಪಾಧ್ಯಾಯನೊಬ್ಬನು ಸಿಕ್ಕುವುದು ಎಷ್ಟು ದೊಡ್ಡ ಭಾಗ್ಯವೆಂಬುದು ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಗೊತ್ತು.

ಆದರೆ ಶಿಕ್ಷಕನು ವಿದ್ಯೆಯನ್ನು ಕೊಡಬಲ್ಲನು, ದಿನದಿನದ ಆಹಾರವನ್ನು ಎಲ್ಲಿಂದ ತಂದಾನು? ಹಾಲು, ಮೊಟ್ಟೆ, ಮಾಂಸ ಇವು ಭಾರ ಎತ್ತುವವನಿಗೆ ವಿಲಾಸದ ವಸ್ತುಗಳಲ್ಲ. ಒಬ್ಬ ಮಗನ ತಟ್ಟೆಗೆ ಅವನ್ನು ಪ್ರತಿದಿನವೂ ಬಡಿಸಬೇಕಾದರೆ ಲಾರಿ ಚಾಲಕನು ಉಳಿದವರ ತಟ್ಟೆಯಿಂದ ತೆಗೆಯಬೇಕಾಗುತ್ತದೆ. ಆದುದರಿಂದ ಉದ್ಯೋಗವು ಅತ್ಯಗತ್ಯವಾಯಿತು. ಗುರುರಾಜರು ಭೂಸೇನೆಯನ್ನು ಸೇರಲು ಹೋದರು. ಎತ್ತರ ಸಾಲದೆಂದು ತಿರಸ್ಕೃತರಾದರು. ಯಾವ ಗಿಡ್ಡ ಮೈಕಟ್ಟು ಈ ಕ್ರೀಡೆಯಲ್ಲಿ ಅನುಕೂಲವೋ ಅದೇ ಮೈಕಟ್ಟು ಅಳತೆಪಟ್ಟಿಯ ಮುಂದೆ ದೋಷವಾಯಿತು! ವಾಯುಪಡೆಯಲ್ಲಿ ಎತ್ತರದ ನಿಯಮವು ಸ್ವಲ್ಪ ಸಡಿಲವೆಂದು ಬಳಿಕ ತಿಳಿದುಬಂದು ಅಲ್ಲಿ ಪ್ರಯತ್ನಿಸಿದರು, ಕೆಲಸ ದೊರಕಿತು. ನಮ್ಮ ಬಡಾವಣೆಗೆ ಸಮೀಪದಲ್ಲಿಯೇ, ಹೆಬ್ಬಾಳದಲ್ಲಿ, ವಾಯುಪಡೆಯ ತರಬೇತಿ ವಿಭಾಗದ ಪ್ರಧಾನ ಕಚೇರಿಯಿದೆ. ಅದರ ಗೋಡೆಯ ಪಕ್ಕದಲ್ಲಿ ನಿತ್ಯವೂ ಹಾದುಹೋಗುವ ನಮಗೆ, ಕ್ರೀಡಾಪಟುಗಳ ಅನ್ನದ ಪ್ರಶ್ನೆಯನ್ನೂ ಈ ಇಲಾಖೆ ಬಿಡಿಸುತ್ತದೆಂಬ ಯೋಚನೆ ಬಂದಿರಲಿಲ್ಲ.

ಫಲವು ಬೇಗನೆ ಕಾಣಿಸಿತು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ, ಅದೇ ವರ್ಷ ಮಲೇಷ್ಯಾದ ಪೆನಾಂಗಿನಲ್ಲಿ ನಡೆದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್ಪಿನಲ್ಲಿ ಮತ್ತೆ ಚಿನ್ನ.

2018ನೆಯ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವರ್ಗದ ಪಂದ್ಯ. ಸ್ನ್ಯಾಚಿನಲ್ಲಿ ಗುರುರಾಜರು 111 ಕಿಲೋ ಎತ್ತಿದರು. ಎರಡನೆಯ ಭಾಗದಲ್ಲಿ 138 ಕಿಲೋ ಇಟ್ಟರು. ಈ ಸಂಖ್ಯೆಯು ವಾಚಕರ ಮನಸ್ಸಿಗೆ ಹಿಡಿಯುವಂತೆ ಹೇಳುವುದಾದರೆ, ಯಶವಂತಪುರದ ಮಂಡಿಯಲ್ಲಿ 50 ಕಿಲೋ ಅಕ್ಕಿಯ ಮೂಟೆಯನ್ನು ಹಮಾಲಿಯು ಬೆನ್ನ ಮೇಲೆ ಹೊರುತ್ತಾನಷ್ಟೆ. ಅಂಥ ಮೂರು ಮೂಟೆಗಳಿಗೆ ಸ್ವಲ್ಪ ಕಡಮೆಯಾದ ಭಾರವನ್ನು, ಒಂದು ಮೂಟೆಗಿಂತ ಆರೇ ಕಿಲೋ ಹೆಚ್ಚು ತೂಗುವ ಮನುಷ್ಯನು ತಲೆಯ ಮೇಲೆ ಕೈ ನೀಡಿ ನಿಲ್ಲಿಸಬೇಕು. ಮೊದಲ ಪ್ರಯತ್ನ ತಪ್ಪಿತು. ಎರಡನೆಯದೂ ತಪ್ಪಿತು. ಉಳಿದದ್ದು ಒಂದು. ಅದೂ ತಪ್ಪಿದ್ದರೆ ಆ 111 ಕಿಲೋವಿಗೂ ಬೆಲೆಯಿರಲಿಲ್ಲ. ಈ ಪದಕದ ಮೇಲೆ ನಿನ್ನ ಬಾಳು ನಿಂತಿದೆಯೆಂದು ತರಬೇತುದಾರರು ನೆನಪು ಮಾಡಿದರಂತೆ. ಮನೆಯವರನ್ನೂ ದೇಶವನ್ನೂ ನೆನೆದುಕೊಂಡೆನೆಂದು ಗುರುರಾಜರು ಅನಂತರ ಹೇಳಿದರು. ಮೂರನೆಯ ಸಲ ದಂಡವು ಮೇಲೆ ನಿಂತಿತು. ಮೊತ್ತ 249, ಬೆಳ್ಳಿ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಇದು. ಚಿನ್ನ ಗೆದ್ದ ಮಲೇಷ್ಯಾದವನು 261 ಎತ್ತಿ ಬಹಳ ಮುಂದಿದ್ದನೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಮೂರನೆಯವನಾದ ಶ್ರೀಲಂಕೆಯ ಚತುರಂಗ ಲಕ್ಮಲನ ಮೊತ್ತ 248. ಬೆಳ್ಳಿಗೂ ಕಂಚಿಗೂ ನಡುವೆ ಒಂದೇ ಒಂದು ಕಿಲೋ!

ಆ ಒಂದು ಕಿಲೋ ಎಲ್ಲಿಂದ ಬಂತು? ಪದಕ ಬಂದ ಮರುದಿನ ಹಾರ, ಶಾಲು, ಮೆರವಣಿಗೆ, ಬಹುಮಾನ ಎಲ್ಲವೂ ಬರುತ್ತವೆ. ಅವು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಪದಕಕ್ಕೆ ಎಂಟು ವರ್ಷ ಮುಂಚೆ, ಹೆಸರಿಲ್ಲದ ಹುಡುಗನೊಬ್ಬನಿಗೆ ಬೇಕಾಗಿದ್ದುದು ಒಂದು ದಂಡ, ಒಬ್ಬ ಗುರು, ಹೊಟ್ಟೆ ತುಂಬ ಊಟ. ಅಧಿಕಾರಸ್ಥಾನದಲ್ಲಿರುವ ನಮ್ಮ ವಾಚಕರು ತಾಲ್ಲೂಕಿನ ಕ್ರೀಡಾಂಗಣಗಳ ಅಂದಾಜುಪಟ್ಟಿಗೆ ರುಜು ಹಾಕುವಾಗ, ಪ್ರೇಕ್ಷಕರ ಗ್ಯಾಲರಿಗೆ ಎಷ್ಟು, ಹುಡುಗರ ಆಹಾರಕ್ಕೆ ಎಷ್ಟು ಎಂಬ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗಿ ಪ್ರಾರ್ಥಿಸುತ್ತೇವೆ.

ಪರದೇಶಗಳಲ್ಲಿ ಈ ಲೆಕ್ಕವನ್ನು ಬಹು ಹಿಂದೆಯೇ ಮಾಡಿದ್ದರು. 1938ರಲ್ಲಿ ಉಕ್ರೇನಿನಲ್ಲಿ ಹುಟ್ಟಿದ ಲಿಯೊನಿದ್ ಜಬೊಟಿನ್‌ಸ್ಕಿಯೂ ಸಿರಿವಂತರ ಮಗನಲ್ಲ; ಖಾರ್ಕೀವಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕಡೆಯುವ ಯಂತ್ರದ ಮುಂದೆ ನಿಂತು ದುಡಿದವನು. ಸೋವಿಯತ್ ಸರ್ಕಾರವು ಅಂಥವನನ್ನು ಹುಡುಕಿ ಪೋಷಿಸಿತು. 1964ರಲ್ಲಿ ಟೋಕಿಯೋವಿನಲ್ಲಿಯೂ 1968ರಲ್ಲಿ ಮೆಕ್ಸಿಕೋವಿನಲ್ಲಿಯೂ ಅತಿಭಾರದ ವರ್ಗದ ಒಲಿಂಪಿಕ್ ಚಿನ್ನ ಅವನದಾಯಿತು. ಆದರೆ ಪದಕದ ಹಸಿವು ಅನ್ನವನ್ನು ಬಿಟ್ಟು ಔಷಧಿಗೆ ತಿರುಗಿದರೆ ಏನಾಗುತ್ತದೆಂಬುದಕ್ಕೂ ಅದೇ ದೇಶದಲ್ಲಿ ನಿದರ್ಶನವುಂಟು: ಉಕ್ರೇನಿನ ಒಲೆಕ್ಸಿ ತೊರೊಖ್ತಿಯು 2012ರಲ್ಲಿ ಲಂಡನ್ನಿನಲ್ಲಿ ಗೆದ್ದ ಚಿನ್ನವನ್ನು, ನಿಷಿದ್ಧ ಮದ್ದು ಸೇವಿಸಿದ್ದನೆಂದು 2019ರಲ್ಲಿ ಕಿತ್ತುಕೊಂಡರು. ಪರರತ್ತ ಬೆರಳು ತೋರಿಸುವ ಅಧಿಕಾರ ನಮಗೂ ಪೂರ್ತಿಯಾಗಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಭಾರತದ ಸ್ಪರ್ಧಿಗಳೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ದೇಶಕ್ಕೆ ನಿಷೇಧ ಬಂದಿತ್ತು.

ಗುರುರಾಜರಿಗೆ ಬೇರೊಂದು ತೊಡಕು ಬಂತು. 2018ರ ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆಯು ತೂಕದ ವರ್ಗಗಳನ್ನೆಲ್ಲ ಬದಲಾಯಿಸಿ, ಅವರು ಬೆಳ್ಳಿ ಗೆದ್ದ 56 ಕಿಲೋ ವರ್ಗವನ್ನೇ ತೆಗೆದುಹಾಕಿತು. ಒಂದು ಕಿಲೋ ಇಳಿದು 55ಕ್ಕೆ ಹೋಗಬೇಕು, ಇಲ್ಲವೆ ಮೈಯನ್ನು ಬೆಳೆಸಿ 61ಕ್ಕೆ ಏರಬೇಕು. ಅವರು ಏರಿದರು. ಇಪ್ಪತ್ತಾರು ದಾಟಿದವನು ಬಲ ಕುಗ್ಗದಂತೆ ಐದು ಕಿಲೋ ಮಾಂಸಖಂಡವನ್ನು ಹೊಸದಾಗಿ ಕಟ್ಟಿ, ತನಗಿಂತ ಮೊದಲಿನಿಂದಲೂ ದೊಡ್ಡವರಾಗಿದ್ದವರೊಡನೆ ಸೆಣಸುವುದೆಂದರೆ ಸಾಮಾನ್ಯವಲ್ಲ.

2022ನೆಯ ಜುಲೈ 30ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆ ವರ್ಗದ ಪಂದ್ಯ ನಡೆಯಿತು. ಮಲೇಷ್ಯಾದ ಅಜ್ನಿಲ್ ಬಿದಿನನು 285 ಎತ್ತಿ ಚಿನ್ನವನ್ನೂ ಪಾಪುವಾ ನ್ಯೂಗಿನಿಯ ಮೊರಿಯಾ ಬರುವು 273 ಎತ್ತಿ ಬೆಳ್ಳಿಯನ್ನೂ ಪಡೆದರು. ಕಂಚಿಗಾಗಿ ಗುರುರಾಜರಿಗೂ ಕೆನಡಾದ ಯೂರಿ ಸಿಮಾರನಿಗೂ ಪೈಪೋಟಿ. ಸ್ನ್ಯಾಚಿನಲ್ಲಿ ಸಿಮಾರನು 119 ಎತ್ತಿದನು, ನಮ್ಮವರು 118. ಎರಡನೆಯ ಭಾಗದಲ್ಲಿ ಅವನು 149, ನಮ್ಮವರು 151. ಕೂಡಿಸಿ ನೋಡಿದಾಗ ಕೆನಡಾದವನದು 268, ಕುಂದಾಪುರದವರದು 269.