ರಾಹುವಿನ ನೆರಳು, ಚಂದ್ರನ ನೆರಳು

2019ರ ಡಿಸೆಂಬರ್ 26ರ ಬೆಳಗ್ಗೆ ಸೂರ್ಯಗ್ರಹಣವಾಯಿತು. ಕೊಡಗು, ಮಂಗಳೂರು, ಕಾಸರಗೋಡುಗಳಲ್ಲಿ ಅದು ಕಂಕಣಗ್ರಹಣವಾಗಿಯೂ ಕಲಬುರಗಿಯಲ್ಲಿ ಪಾರ್ಶ್ವಗ್ರಹಣವಾಗಿಯೂ ಕಂಡಿತು. ಅದೇ ಹೊತ್ತಿನಲ್ಲಿ, ಕಲಬುರಗಿಯ ಅಂಚಿನ ಕಪನೂರಕ್ಕೆ ದೂರವಲ್ಲದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಕೆಲವು ಮಕ್ಕಳನ್ನು ಹೆತ್ತವರೇ ಗುಂಡಿಗಳಲ್ಲಿ ನಿಲ್ಲಿಸಿ ಕುತ್ತಿಗೆಯವರೆಗೆ ಮಣ್ಣು ಮುಚ್ಚಿದರು. ಗ್ರಹಣಕಾಲದಲ್ಲಿ ಹೀಗೆ ಮಾಡಿದರೆ ಊನ ವಾಸಿಯಾಗುವುದೆಂಬುದು ಅವರ ನಂಬಿಕೆ. ಸುದ್ದಿ ತಿಳಿದ ಅಧಿಕಾರಿಗಳು ಬಂದು ಮಕ್ಕಳನ್ನು ಹೊರಗೆ ತೆಗೆಸಿದರೆಂದು ಪತ್ರಿಕೆಗಳು ವರದಿ ಮಾಡಿದವು.

ಆ ತಾಯಿತಂದೆಗಳಿಗೆ ಮಕ್ಕಳ ಮೇಲೆ ಪ್ರೀತಿಯಿರಲಿಲ್ಲವೆಂದು ಯಾರೂ ಹೇಳಲಾರರು. ಇಲ್ಲಿ ವಿಚಾರಮಾಡಬೇಕಾದ ಸಂಗತಿ ಬೇರೆ. ಗ್ರಹಣವು ಎಷ್ಟು ಗಂಟೆಗೆ ಹಿಡಿದು ಎಷ್ಟು ಗಂಟೆಗೆ ಬಿಡುವುದೆಂಬುದು ಜನರಿಗೆ ಮೊದಲೇ ತಿಳಿದಿತ್ತು. ಆ ವೇಳೆಯನ್ನು ತಿಳಿಸಿದುದು ಗಣಿತ. ಗುಂಡಿ ತೋಡಿಸಿದುದು ಭಯ ಮತ್ತು ಆಸೆ. ಗಣಿತವೂ ಭಯವೂ ಒಂದೇ ಮನೆಯಲ್ಲಿ ಇಷ್ಟು ಕಾಲ ಒಟ್ಟಿಗೆ ಬಾಳಿದುದು ಹೇಗೆ? ಧರ್ಮವನ್ನೂ ವಿಜ್ಞಾನವನ್ನೂ ಸಂವಾದಕ್ಕೆ ತರಲು ನಮ್ಮ ವಿದ್ವಾಂಸರು ಮಾಡಿದ ಪ್ರಯತ್ನಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ರಾಹುವೆಂದರೆ ಏನು?

ಸೂರ್ಯನ ವ್ಯಾಸವು ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಸೂರ್ಯನಿರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಆದುದರಿಂದ ಎರಡು ಬಿಂಬಗಳೂ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ. ಅಮಾವಾಸ್ಯೆಯಂದು ಚಂದ್ರನು ಸೂರ್ಯನ ದಿಕ್ಕಿನಲ್ಲಿಯೇ ಇರುತ್ತಾನೆ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣವೇಕಿಲ್ಲ? ಚಂದ್ರನ ಪಥವು ಸೂರ್ಯನ ತೋರಿಕೆಯ ಪಥಕ್ಕೆ ಸುಮಾರು 5 ಡಿಗ್ರಿ ಓರೆಯಾಗಿದೆ. ಎರಡು ಪಥಗಳೂ ಸಂಧಿಸುವುದು ಎರಡೇ ಬಿಂದುಗಳಲ್ಲಿ. ಅಮಾವಾಸ್ಯೆಯ ಸೂರ್ಯನು ಇವುಗಳಲ್ಲೊಂದರ ಸಮೀಪದಲ್ಲಿದ್ದರೆ ಮಾತ್ರ ಸೂರ್ಯಗ್ರಹಣ. ಈ ಬಿಂದುಗಳು ಹಿಮ್ಮುಖವಾಗಿ ಸರಿಯುತ್ತ ಸುಮಾರು 18.6 ವರ್ಷಗಳಿಗೊಮ್ಮೆ ಆಕಾಶವನ್ನು ಸುತ್ತಿ ಬರುತ್ತವೆ.

ನಮ್ಮ ಪಂಚಾಂಗಗಳಲ್ಲಿ ಈ ಬಿಂದುಗಳ ಹೆಸರೇ ರಾಹು ಮತ್ತು ಕೇತು! ಪುರಾಣದ ರಾಕ್ಷಸನ ಹೆಸರನ್ನು ಜ್ಯೋತಿಷಿಗಳು ಆಕಾಶದ ಒಂದು ಸ್ಥಾನಕ್ಕೆ ಇಟ್ಟರು. ಹೆಸರು ಉಳಿಯಿತು, ಅರ್ಥ ಬದಲಾಯಿತು.

ಎರಡು ಕಡೆಗೂ ಒಪ್ಪಿಗೆಯಾದ ಉತ್ತರ

ಈ ಮಾರ್ಪಾಡು ಸುಲಭವಾಗಿ ಆಗಲಿಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಆರ್ಯಭಟನು 499ರ ಸುಮಾರಿಗೇ ಹೇಳಿದ್ದನು. 628ರಲ್ಲಿ ಬ್ರಹ್ಮಗುಪ್ತನು, ರಾಹುವನ್ನು ಅಲ್ಲಗಳೆಯುವುದು ಶ್ರುತಿಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿದನು. ಆದರೆ ತಾನು ಗ್ರಹಣವನ್ನು ಗಣಿಸಿದುದು ನೆರಳಿನ ಲೆಕ್ಕದಿಂದಲೇ! ಸುಮಾರು 1030ರಲ್ಲಿ ಭಾರತದ ವಿದ್ಯೆಗಳನ್ನು ಕುರಿತು ಬರೆದ ಅಲ್‌ಬೆರೂನಿಯು ಇದನ್ನು ಕಂಡು ಬೆರಗಾದನು. ಸತ್ಯವನ್ನು ಬಲ್ಲವನು ಹೀಗೇಕೆ ನುಡಿದನು? ಸಾಕ್ರೆಟೀಸನಿಗೆ ಒದಗಿದಂತಹ ವಿಪತ್ತಿಗೆ ಅಂಜಿರಬಹುದೆಂದು ಅವನು ಊಹಿಸಿದನು. 1150ರಲ್ಲಿ ಭಾಸ್ಕರಾಚಾರ್ಯನು ಸಂಧಾನದ ದಾರಿ ಹಿಡಿದನು: ರಾಹುವು ಬ್ರಹ್ಮನ ವರದಿಂದ ಭೂಮಿಯ ನೆರಳನ್ನು ಹೊಕ್ಕು ಚಂದ್ರನನ್ನೂ, ಚಂದ್ರನನ್ನು ಹೊಕ್ಕು ಸೂರ್ಯನನ್ನೂ ಮುಚ್ಚುತ್ತಾನೆ ಎಂದನು. ಗಣಿತಕ್ಕೂ ಕುಂದಿಲ್ಲ, ಪುರಾಣಕ್ಕೂ ಕುಂದಿಲ್ಲ.

ಈ ಸಂಧಾನದಿಂದ ಒಂದು ಮಹದುಪಕಾರವಾಯಿತು. ಗಣಿತಜ್ಞನು ನಿರ್ಭಯನಾಗಿ ಲೆಕ್ಕ ಮುಂದುವರಿಸಿದನು. ಆದರೆ ಒಂದು ಕೊರತೆಯೂ ಉಳಿಯಿತು. ನೆರಳಿನೊಳಗೆ ರಾಹು ಕುಳಿತಿದ್ದುದರಿಂದ ಜನರ ಭಯವು ಇದ್ದಲ್ಲಿಯೇ ಇದ್ದಿತು.

ಮಳಖೇಡದ ಪಾಠ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ, ಸುಮಾರು 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಜಿನನಿಗೆ ವಂದಿಸಿ ಗ್ರಂಥವನ್ನು ಆರಂಭಿಸುವ ಈತನು ಸಂಗೀತ, ವೈದ್ಯ, ಪಾಕಶಾಸ್ತ್ರಗಳಿಂದ ಹಿಡಿದು ಗ್ರಹಣದವರೆಗೆ ಎಲ್ಲದಕ್ಕೂ ಗಣಿತವೇ ಆಧಾರವೆಂದು ಸಾರುತ್ತಾನೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ತೋರಿಸಿದನು. ಆದರೆ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಮಾರ್ಪಡುವುದಿಲ್ಲವೆಂದೂ ಹೇಳಿದನು. ಇದು ತಪ್ಪು. ಮುಂದೆ ಭಾಸ್ಕರನು ಅಂತಹ ಭಾಗಲಬ್ಧವು ಅನಂತವೆಂದನು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಇದರಿಂದ ಮಹಾವೀರನ ಗೌರವಕ್ಕೆ ಕೊರತೆಯಾಗಲಿಲ್ಲ. ಗುರುವಿನ ಲೆಕ್ಕವನ್ನು ತಿದ್ದುವುದು ಗುರುನಿಂದೆಯಲ್ಲ.

ಸಿದ್ಧಾಂತಿಯ ಸಂಭಾಷಣೆ

ಈ ಪಾಠವನ್ನು ಪಂಚಾಂಗಕ್ಕೇ ಅನ್ವಯಿಸಿದವರು ಚಿಂತಾಮಣಿ ರಘುನಾಥಾಚಾರ್ಯರು. ಮದರಾಸಿನ ವೀಕ್ಷಣಾಲಯದಲ್ಲಿ ಬಹುಕಾಲ ಕೆಲಸಮಾಡಿದ ಅವರು 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವು ದಖ್ಖನದ ಮೇಲೆ ಹಾದುಹೋದಾಗ, ಜಾನ್ ಹರ್ಷೆಲರು ನಮ್ಮ ಜಮಖಂಡಿಯಲ್ಲಿಯೂ ಫ್ರಾನ್ಸಿನ ಜಾನ್ಸೆನರು ಗುಂಟೂರಿನಲ್ಲಿಯೂ ದೂರದರ್ಶಕಗಳನ್ನು ಹೂಡಿದ್ದರು. ಅಂದು ಕಲಬುರಗಿಯಂತೆಯೇ ನಿಜಾಮರ ಸೀಮೆಗೆ ಸೇರಿದ್ದ ವನಪರ್ತಿಯಲ್ಲಿ ವೀಕ್ಷಣಾ ತಂಡದ ನಾಯಕರಾಗಿದ್ದವರು ರಘುನಾಥಾಚಾರ್ಯರು.

ಹಳೆಯ ಕೋಷ್ಟಕಗಳಲ್ಲಿ ಶತಮಾನಗಳಿಂದ ಕೂಡುತ್ತ ಬಂದ ಸಣ್ಣ ವ್ಯತ್ಯಾಸಗಳು ದೊಡ್ಡವಾಗಿ, ಪಂಚಾಂಗದ ಆಕಾಶವೂ ಕಣ್ಣಿಗೆ ಕಾಣುವ ಆಕಾಶವೂ ಬೇರೆಬೇರೆಯಾಗಿದ್ದವು. ಇದು ಆಸ್ತಿಕರಿಗೇ ಸಂಕಟದ ವಿಷಯ. ಏಕೆಂದರೆ ಏಕಾದಶಿಯ ಉಪವಾಸವಾಗಲಿ, ಹಿರಿಯರ ಶ್ರಾದ್ಧವಾಗಲಿ ತಿಥಿಯನ್ನು ಅವಲಂಬಿಸಿದೆ. ರಘುನಾಥಾಚಾರ್ಯರು ಕಣ್ಣಿಗೆ ಕಂಡುದಕ್ಕೆ ಹೊಂದುವ ‘ದೃಗ್ಗಣಿತ’ ಪಂಚಾಂಗವನ್ನು ಪ್ರಕಟಿಸಿದರು. ಹಳೆಯ ಪದ್ಧತಿಯ ಪಂಡಿತರೊಡನೆ ವಾದಿಸಿದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ತಿಳಿಸಲು ಅವರು ಬರೆದ ಕಿರುಹೊತ್ತಗೆಯು ಸಂಭಾಷಣೆಯ ರೂಪದಲ್ಲಿದ್ದಿತು. ಅದು ಕನ್ನಡದಲ್ಲಿಯೂ ಬಂದಿತು. ಅವರು ಪಂಚಾಂಗವನ್ನು ಬಿಸುಡಿರೆಂದು ಹೇಳಲಿಲ್ಲ. ಆಕಾಶವನ್ನು ನೋಡಿ ತಿದ್ದಿಕೊಳ್ಳಿರೆಂದರು.

ಸ್ವತಂತ್ರ ಭಾರತದಲ್ಲಿಯೂ ಈ ಕೆಲಸ ಮುಂದುವರಿಯಿತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿಯು ನೇಮಕವಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು.

ಯಾರ ಮಾತು ಎಲ್ಲಿ ಸಲ್ಲಬೇಕು?

ಈ ಚರಿತ್ರೆಯಿಂದ ಒಂದು ನಿಯಮವು ಹೊರಡುತ್ತದೆ. ಗ್ರಹಣದಂದು ಸ್ನಾನ, ಜಪ, ಉಪವಾಸ ಮಾಡುವವರನ್ನು ವಿಜ್ಞಾನವು ತಡೆಯಬೇಕಾಗಿಲ್ಲ; ಅದು ಅವರವರ ಶ್ರದ್ಧೆ. ಆದರೆ ‘ಗ್ರಹಣದ ಬೆಳಕಿನಲ್ಲಿ ಹೂತರೆ ಕಾಲು ನೆಟ್ಟಗಾಗುವುದು’ ಎಂಬುದು ಶ್ರದ್ಧೆಯ ಮಾತಲ್ಲ. ಲೋಕದಲ್ಲಿ ನಡೆಯುವ ಸಂಗತಿಯನ್ನು ಕುರಿತ ಹೇಳಿಕೆ. ಅದನ್ನು ಪರೀಕ್ಷಿಸಲೇಬೇಕು. ಗ್ರಹಣಕಾಲದಲ್ಲಿ ಬರುವುದು ಎಂದಿನ ಬಿಸಿಲೇ, ಪ್ರಮಾಣ ಮಾತ್ರ ಕಡಿಮೆ. ಹೊಸ ಕಿರಣವೇನೂ ಅದರಲ್ಲಿಲ್ಲ. ಮಣ್ಣಿನ ಭಾರವು ಎದೆಯನ್ನು ಒತ್ತಿದರೆ ಮಗುವಿಗೆ ಉಸಿರಾಟವೇ ಕಷ್ಟವಾಗುವುದು. ಊನಕ್ಕೆ ವೈದ್ಯರ ಸಲಹೆ, ಅಂಗಸಾಧನೆ, ಊರುಗೋಲುಗಳಿವೆ. ಮಗುವನ್ನು ನೋವಿನಿಂದ ಕಾಪಾಡುವುದು ಎಲ್ಲ ಧರ್ಮಗಳಿಗೂ ಒಪ್ಪಿಗೆಯಾದ ಮಾತು.

2027ರ ಆಗಸ್ಟ್ 2ರ ಸಂಜೆ ಕಲಬುರಗಿಯಲ್ಲಿ ಪಾರ್ಶ್ವ ಸೂರ್ಯಗ್ರಹಣವು ಕಾಣಬೇಕಾಗಿದೆ. ವಿದ್ಯಾರ್ಥಿಗಳು ಬರಿಗಣ್ಣಿನಿಂದ ಸೂರ್ಯನನ್ನು ನೋಡದೆ, ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ ಬಿಂಬವನ್ನು ಬಿಳಿಯ ಕಾಗದದ ಮೇಲೆ ಹಿಡಿಯಲಿ. ಸ್ಪರ್ಶಕಾಲವನ್ನು ಗಡಿಯಾರದಲ್ಲಿ ಗುರುತಿಸಿ ಮನೆಯ ಪಂಚಾಂಗದೊಡನೆ ಹೋಲಿಸಲಿ. ಅಜ್ಜಿಯನ್ನೂ ನೆರೆಯವರನ್ನೂ ಕರೆದು, ಕಾಗದದ ಮೇಲಿನ ಆ ಕಚ್ಚಿದ ಬಿಂಬವನ್ನು ತೋರಿಸಿ, ಕಚ್ಚಿರುವವನು ಯಾರೆಂಬುದನ್ನು ವಿನಯದಿಂದ ವಿವರಿಸಲಿ.